ಸಪ್ಪಳವಿಲ್ಲದ ತಾಸು

ಪ್ರೀತಿಯ ಆರತಿ,

ಮಂಗಳವಾರ ನನ್ನ ಮಗಳನ್ನು ರಾಯಾಪುರದ ದೊಡ್ಡ ಅಂಗಡಿಗೆ ಕರೆದೊಯ್ದೆಯಲ್ಲ, ಉಪಕಾರವಾಯಿತು. ಗದ್ದಲ, ಝಗಮಗ ಬೆಳಕು ತಾಳದ ಶಾಲ್ಮಲಾಳಂಥವರಿಗಾಗಿ ಅಲ್ಲಿ ಒಂದು ತಾಸು ದೀಪ ಮಂದ ಮಾಡಿ ಹಾಡು ನಿಲ್ಲಿಸುತ್ತಾರೆಂದು ನಿನಗೆ ಹೇಳಿದವಳೇ ನಾನು. ಅದೇ ತಾಸಿಗೆ ನಾನು ಕರೆದೊಯ್ದಾಗ ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು ಕುಳಿತವಳು, ನಿನ್ನ ಕೈಹಿಡಿದು ಒಳಗೆ ಹೋಗಿ ಸೋಪು ಆರಿಸಿದಳಂತೆ, ನಕ್ಕಳಂತೆ. ಊಟಕ್ಕೆ ಕುಳಿತಾಗೆಲ್ಲ ನಿಮ್ಮಣ್ಣನದು ಅದೇ ಮಾತು. ಇಷ್ಟು ವರ್ಷ ಅವಳು ಹೊರಗೆ ಹಿಡಿದದ್ದು ನನ್ನ ಕೈಯೊಂದನ್ನೇ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ನಿನ್ನೆ ತಡೆಯಲಾರದೆ ಕೇಳಿದೆ, "ಅತ್ತಿ ಜೋಡಿ ಹೆಂಗ ಒಳಗ ಹೋದಿ?"

ಅವಳು ನನ್ನ ಗಾಜಿನ ಬಳೆಗಳನ್ನು ಎರಡೂ ಕೈಯಿಂದ ಅದುಮಿ ಹಿಡಿದಳು. "ಅತ್ತಿ ಕೈ ಸಪ್ಪಳ ಮಾಡಂಗಿಲ್ಲ."

ಮುತ್ತೈದೆ ಹೀಗೆ ಬಳೆ ಬಿಟ್ಟು ಬರೀ ವಾಚು ಕಟ್ಟಿಕೊಂಡು ತಿರುಗಬಾರದೆಂದು ನಿನಗೆ ಎಷ್ಟು ಸಲ ಚುಚ್ಚಿದ್ದೇನೋ!

ಮುಂದಿನ ಮಂಗಳವಾರ ನಾನೇ ಕರೆದೊಯ್ಯುತ್ತೇನೆ. ನೀನು ಬರಬೇಡ, ನಿನ್ನ ವಾಚು ಕಳಿಸು. ನನ್ನ ಬಳೆ ಎಲ್ಲಿ ಎಂದು ನಿಮ್ಮವ್ವ ಕೇಳಿದರೆ ನೀನೇ ಏನಾದರೂ ಹೇಳಿ ಸುಧಾರಿಸು.

ನೀವು ತಂದ ಸೋಪು ಇನ್ನೂ ತೀರಿಲ್ಲ. ಆದರೂ ನಾವಿಬ್ಬರೂ ಬೇರೆಯದನ್ನು ತರುತ್ತೇವೆ.

ನಿನ್ನ ವೈನಿ,
ನೀಲಾಂಬಿಕಾ