ಬಾಯಾರಿಕೆಯ ಚರಣ

ಶುಭ ಶುಕ್ರವಾರದ ಮರುದಿನ, ಊಟವಾದ ಮೇಲೆ

ನನ್ನ ಗುಬ್ಬಚ್ಚಿಗೆ,

ನಿನ್ನ ಒಬ್ಬನೇ ಸೋದರಮಾವನ ಆಶೀರ್ವಾದ. ಇನ್ನೊಬ್ಬನಿದ್ದರೂ ಇಷ್ಟು ಚೆಂದ ಇರುತ್ತಿರಲಿಲ್ಲ, ಬಿಡು. ನಾನು ಕಲಿತದ್ದು ಹಳ್ಳಿ ಶಾಲೆಯಲ್ಲಿ. ಅಕ್ಷರ ಡೊಂಕಾಗಿದ್ದರೆ ಅದು ಪೆನ್ನಿನ ತಪ್ಪು.

ನೀನು ವಹಿಸಿದ ಕೆಲಸ ಮುಗಿಯಿತು. ನಿನ್ನಮ್ಮ ಹಾಡಿದಳು!

ನಿಮ್ಮಪ್ಪ ಹೋದಂದಿನಿಂದ ಅವಳು ಚರ್ಚಿನ ಗಾನವೃಂದ ಬಿಟ್ಟು ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದದ್ದು ನಿನಗೆ ಗೊತ್ತು. ಅದಕ್ಕೇ ನಾನು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಪೂರ್ತಿ ಸಾಮಿಲ್ಲಿನಿಂದ ನೇರ ಅವಳ ಅಡುಗೆಮನೆಗೆ ಹೋಗಿ ಶುಭ ಶುಕ್ರವಾರದ ಹಾಡಿನ ಅಭ್ಯಾಸ ಶುರು ಮಾಡಿದೆ. ಗರಗಸದ ಸದ್ದನ್ನೇ ಮೀರಿಸಿ ಪಳಗಿದ ಗಂಟಲು ನನ್ನದು. ಬೇಕಂತಲೇ ರಾಗ ಕೆಡಿಸುತ್ತಿದ್ದೆ. "ಲೋ, ಶಿಲುಬೆ ಹಾಡೋ ಅದು, ಮರ ಕೊಯ್ಯೋದಲ್ಲ!" ಎಂದು ಸೌಟಿನಲ್ಲಿ ತಾಳ ಬಡಿಯುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿ ನೀರು ಕೇಳುವ ಚರಣ ಬಂದರಂತೂ ಎದ್ದು ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಲ್ಲುತ್ತಿದ್ದಳು. ನಿಮ್ಮಪ್ಪ ಕೊನೆಯ ರಾತ್ರಿ ನೀರು ನೀರು ಅಂದಾಗ, ಡಾಕ್ಟರು ಬೇಡವೆಂದಿದ್ದಕ್ಕೆ ಇವಳು ಬರೀ ತುಟಿ ಒದ್ದೆ ಮಾಡಿದ್ದಳಲ್ಲ. "ಒಂದು ಗುಟುಕು ಕೊಡದ ನನಗೆ ಆ ಹಾಡು ಹಾಡೋ ಬಾಯೆಲ್ಲಿ?" ಎನ್ನುವಳು.

ಒಂದು ಸಂಜೆ ಕೇಳಿಯೇಬಿಟ್ಟೆ: ಅಕ್ಕಾ, ಶಿಲುಬೆಯ ಕೆಳಗೆ ಮರಿಯಮ್ಮನೂ ನಿಂತಿದ್ದಳು, ಅವಳ ಕೈಲಾದರೂ ನೀರು ಕೊಡಲು ಆಯಿತೇ? ಸ್ವಾಮಿ ಅವಳನ್ನು ದೂರಿದನೇ? ತನ್ನ ಬಾಯಾರಿಕೆ ಹೇಳಿಕೊಳ್ಳುವುದಕ್ಕೆ ಮುಂಚೆ ತಾಯಿಯನ್ನು ನೋಡಿಕೋ ಎಂದು ಶಿಷ್ಯನಿಗೆ ಒಪ್ಪಿಸಿದ. ಪ್ರಾಣ ಕೊಡುವಾಗಲೂ ಅವನಿಗೆ ಅವಳದೇ ಚಿಂತೆ.

"ಬಂದ ನೋಡು ದೊಡ್ಡ ಪಾದ್ರಿ! ಮೊದಲು ತಾಳ ಸರಿಯಾಗಿ ಹಾಕು" ಎಂದಳು. ಆದರೆ ಅಂದು ನಲ್ಲಿಯ ಹತ್ತಿರ ಹೋಗಲಿಲ್ಲ. ಇದು ಯಾವ ಗುರುಗಳಿಗೂ ಹೊಳೆಯದ ಮಾತು ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಶುಭ ಶುಕ್ರವಾರ ವಾದ್ಯ ನುಡಿಸುವಂತಿಲ್ಲವಲ್ಲ, ನಿನ್ನೆ ಚರ್ಚಿನ ಆರ್ಗನ್ನಿಗೆ ಬಟ್ಟೆ ಹೊದಿಸಿದ್ದರು. ವಾದ್ಯವಿಲ್ಲದ ದಿನ ಹಾಡು ಎತ್ತುವವನು ಗಟ್ಟಿಗನಾಗಿರಬೇಕು. ನನ್ನನ್ನು ಬಿಟ್ಟರೆ ಇನ್ಯಾರು? ಆ ಚರಣ ಬಂತು. ಮೊದಲ ಸಾಲಿನಲ್ಲೇ ಬೇಕಂತಲೇ ನಿಲ್ಲಿಸಿದೆ. ಎಂಥ ಉಪಾಯ! ಗುರುಗಳು ಕತ್ತೆತ್ತಿ ನೋಡುತ್ತಿದ್ದಾರೆ. ಆಗ ಹಿಂದಿನ ಬೆಂಚಿನಿಂದ ನಿನ್ನಮ್ಮನ ದನಿ. ಮೊದಲು ನಡುಗಿತು, ಆಮೇಲೆ ಹಳೆಯ ದನಿಯೇ ತಿರುಗಿ ಬಂತು. ಅವಳ ಹಿಂದೆ ಎಲ್ಲರೂ ಹಾಡಿದರು.

ಹೊರಗೆ ಬಂದ ಮೇಲೆ ನಿನ್ನಮ್ಮನಿಂದ ಸಿಕ್ಕ ಹೊಗಳಿಕೆ ಕೇಳು: "ಅಷ್ಟು ಎತ್ತರದಲ್ಲಿ ಶುರು ಮಾಡಿದ್ದೀಯಲ್ಲೋ, ಹತ್ತೋಕೆ ಏಣಿ ತಂದಿದ್ಯಾ?"

ಈ ಮಾವನ ಬುದ್ಧಿವಂತಿಕೆಯನ್ನು ನಿನ್ನ ಗೆಳತಿಯರಿಗೆಲ್ಲ ಹೇಳು.

ಇಂತಿ,
ಗಾನವೃಂದದ ಆಧಾರಸ್ತಂಭ,
ನಿನ್ನ ಮಾವ

ತಾ.ಕ.: ಮಗಳೇ, ಇದು ಅಮ್ಮ ಬರೆಯುತ್ತಿರುವುದು. ಅಂಚೆಗೆ ಹಾಕು ಅಂತ ನಿನ್ನ ಮಾವ ಈ ಕಾಗದ ಕೊಟ್ಟ, ಓದದೆ ಬಿಡುತ್ತೇನೆಯೇ? ಉಪಾಯವಂತೆ, ಉಪಾಯ! ಅವನು ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಆ ರಾತ್ರಿ ನಿಮ್ಮಪ್ಪನ ಮಂಚದ ಆ ಕಡೆ ಕೂತಿದ್ದವನು ಅವನೇ ಅಲ್ಲವೇ? ಆ ಚರಣ ಅವನಿಗೂ ಅಷ್ಟೇ ಭಾರ ಅಂತ ನಿನ್ನೆವರೆಗೂ ನನಗೆ ತಿಳಿದಿರಲಿಲ್ಲ. ನೋಡುತ್ತಾ ಹೇಗೆ ಕೂರಲಿ? ಎದ್ದು ಹಾಡಿದೆ. ನಾಳೆ ಈಸ್ಟರಿನ ಹಾಡು ಎತ್ತುವವಳು ನಾನು. ಅವನಿಗಿನ್ನೂ ಹೇಳಿಲ್ಲ.