ಎರಡನೇ ಟೇಪ್ ಹಾಕಿದ್ದೀರಾ?

ಶನಿವಾರ, 3-9-88. ಮಧ್ಯಾಹ್ನ 12.50

ಕಂಪ್ಯೂಟರಿನ ಡಿಸ್ಕಿನಲ್ಲಿರುವುದನ್ನೆಲ್ಲ ಟೇಪಿಗೆ ನಕಲು ಮಾಡುವ ಬ್ಯಾಕಪ್ ನಡೆಯುತ್ತಿದೆ. ಒಂದನೇ ಟೇಪ್ ತುಂಬಿತು. ಎರಡನೇ ಟೇಪ್ ಹಾಕಿದ್ದೀರಾ, ಯೆಸ್ ಅಥವಾ ನೋ ಎಂದು ಯುನಿಕ್ಸ್ ಕೇಳುತ್ತಿದೆ. ಉಳಿದ ಟೇಪುಗಳು ಮಹಡಿಯ ಕಪಾಟಿನಲ್ಲಿವೆ. ಮನೆಗೆ ಹೋಗುವ ಈಶ್ವರಮಂಗಲದ ಬಸ್ಸು ಒಂದೂ ಹತ್ತಕ್ಕೆ. ಟೇಪ್ ಬದಲಿಸದೆಯೇ ಯೆಸ್ ಒತ್ತಿದೆ. ಮೂರನೆಯದಕ್ಕೂ ಯೆಸ್. ಒಂದೇ ಟೇಪಿನ ಮೇಲೆ ಮೂರು ಸಲ ಬರೆಯಿತು. ಹಳೆಯದು ಅಳಿಸಿಹೋಗುತ್ತದೆಂದು ಗೊತ್ತು. ಆದರೆ ಡಿಸ್ಕ್ ಹೊಸದು, ಟೇಪ್ ಯಾರಿಗೆ ಬೇಕು... ಲಾಗ್ ಬುಕ್ಕಿನಲ್ಲಿ ‘ಮೂರು ಟೇಪ್, ಓಕೆ’ ಎಂದು ಬರೆದು ಸಹಿ ಹಾಕಿದೆ. ಹೀಗೆ ಮಾಡಿದ್ದು ಇದು ಆರನೇ ಶನಿವಾರ.

ಬುಧವಾರ, 14-9-88

ಕರೆಂಟು ಹೋಗಿ ಬಂದು, ಹೋಗಿ ಬಂದು — ಡಿಸ್ಕ್ ಸತ್ತಿತು. ಜಾಲ್ಸೂರಿನ ಕೂಸಪ್ಪ ಮಾಸ್ಟ್ರು ಎಂಟು ವರ್ಷ ಮನೆಮನೆ ತಿರುಗಿ ಕೂಡಿಸಿದ ನಮ್ಮ ಕಡೆಯ ಗೌಡರ ಮನೆಮಾತು ಅರೆಭಾಷೆಯ ಒಂಬತ್ತು ಸಾವಿರ ಪದ ಅದರಲ್ಲಿತ್ತು. ಟೈಪ್ ಮಾಡಿದ್ದು ನಮ್ಮ ಆಫೀಸಿನ ಟೈಪಿಸ್ಟ್ ವಾರಿಜಾಕ್ಷಿ. ಟೈಪಾದ ಚೀಟಿಗಳನ್ನು ಮಾಸ್ಟ್ರು ಬಿಸಿನೀರಿನ ಒಲೆಗೆ ಹಾಕಿದ್ದಾರೆ. ಕಂಪ್ಯೂಟರಿನಲ್ಲಿ ಉಂಟಲ್ಲ ಎಂದು.

ನಮ್ಮ ಕಂಪ್ಯೂಟರ್ ಕೇಂದ್ರದ ನಿರ್ದೇಶಕರು ಕೃಷ್ಣಮೋಹನ ಸರ್ ನಕ್ಕರು. “ಎಂತ ಹೆದರಿಕೆ ಮಾರಾಯ, ಟೇಪ್ ಉಂಟಲ್ಲ?”

“ಉಂಟು ಸರ್,” ಎಂದೆ.

ಶುಕ್ರವಾರ, 16-9-88

ಮಂಗಳೂರಿನಿಂದ ಇಂಜಿನಿಯರ್ ಬಂದು ಹೊಸ ಡಿಸ್ಕ್ ಹಾಕಿದರು. ಒಂದನೇ ಟೇಪ್ ಹಾಕಿದಾಗ ಯಂತ್ರ ಹೇಳಿತು — ಇದು ಮೂರನೆಯದು. ಎರಡು, ಮೂರು ಎಂದು ಲೇಬಲ್ ಇದ್ದವು ಜುಲೈ ತಿಂಗಳವು. ಒಂದನೆಯ ಭಾಗ ಎಲ್ಲಿಯೂ ಇಲ್ಲ. ಫೈಲುಗಳ ಪಟ್ಟಿ ಇರುವುದೇ ಅದರಲ್ಲಿ.

ಲೇಬಲ್ ಬರೆದದ್ದು ವಾರಿಜಾಕ್ಷಿ. ಸರ್ ಅವಳ ಕಡೆ ತಿರುಗಿದರು. “ಟೇಪ್ ಅದಲುಬದಲು ಮಾಡಿದ್ದು ನೀನಾ?”

“ನಾನು ಸರಿಯೇ ಅಂಟಿಸಿದ್ದು ಸರ್. ಉದಯಣ್ಣನ ಹತ್ರ ಕೇಳಿ.”

ಎಲ್ಲರೂ ನನ್ನನ್ನು ನೋಡಿದರು. ನಾನು ಕೀಬೋರ್ಡ್ ನೋಡಿದೆ.

ಸೋಮವಾರದಿಂದ ಬರುವುದು ಬೇಡ ಎಂದರು ಅವಳಿಗೆ. ಟಿಫಿನ್ ಡಬ್ಬಿ ತೆಗೆದುಕೊಂಡು ಹೋದಳು. ಸಂಜೆ ಲಾಗ್ ಬುಕ್ಕನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಥೂ.

ಮಂಗಳವಾರ, 27-9-88

ಹತ್ತು ದಿನ ಏನೂ ಬರೆಯಲಿಲ್ಲ. ಟೇಪುಗಳನ್ನು ಪಟ್ಟಿಯಿಲ್ಲದೆಯೇ ತುಂಡು ತುಂಡಾಗಿ ಓದಿಸುತ್ತಿದ್ದೇನೆ. ಕಸದ ನಡುವೆ ಪದಗಳು ಸಿಗುತ್ತವೆ. ಈವರೆಗೆ ನಾಲ್ಕು ಸಾವಿರ. ಅ-ಕಾರದಿಂದ ತ-ಕಾರದವರೆಗೆ ಒಂದೂ ಇಲ್ಲ. ಸರ್ ಬೆನ್ನು ತಟ್ಟಿದರು, “ನೀನಿದ್ದದ್ದಕ್ಕೆ ಇಷ್ಟಾದರೂ ಸಿಕ್ಕಿತು.”

ಭಾನುವಾರ, 2-10-88

ಜಾಲ್ಸೂರಿಗೆ ಹೋದೆ. ಮಾಸ್ಟ್ರು ಜಗಲಿಯಲ್ಲಿ ಕೂತು ಹೊಸ ನೋಟ್‌ಬುಕ್ಕಿನಲ್ಲಿ ಮತ್ತೆ ‘ಅ’ದಿಂದ ಬರೆಯುತ್ತಿದ್ದರು. ಅವರ ಹೆಂಡತಿ ದುಗ್ಗಮ್ಮ ಕಾಫಿ ಕೊಟ್ಟರು.

“ನೀವು ತುಂಬ ಕಷ್ಟಪಟ್ಟಿದ್ದೀರಂತೆ ಮಾರಾಯ್ರೆ,” ಎಂದರು ಮಾಸ್ಟ್ರು. “ಯಂತ್ರ ಅಲ್ವಾ, ಎಂತ ಮಾಡುದು? ನನಗೆ ನೆನಪಿದ್ದದ್ದು ಬರೀತೇನೆ. ಬಾಣಂತನದ ಮಾತುಗಳೇ ಕಷ್ಟ. ಅದೆಲ್ಲ ಹೇಳಿದ್ದು ಸೂಲಗಿತ್ತಿ ಕಮಲಾವತಿ. ಕಳೆದ ವರ್ಷ ತೀರಿಹೋದ್ರು. ಇನ್ನು ಯಾರ ಹತ್ರ ಕೇಳುದು?”

ಕಾಫಿ ಕೆಳಗಿಟ್ಟೆ. ಎಲ್ಲ ಹೇಳಿದೆ. ಬಸ್ಸು, ಯೆಸ್, ಸಹಿ, ಚೀಲದಲ್ಲಿರುವ ಪುಸ್ತಕ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಕೇಳಿದರು, “ಟೈಪ್ ಮಾಡ್ತಿದ್ದ ಆ ಹುಡುಗಿಗೆ ಹೇಳಿದ್ದೀರಾ?”

“ಇಲ್ಲ.”

“ಹಾಗಾದ್ರೆ ಇಲ್ಲಿ ಎಂತಕ್ಕೆ ಬಂದ್ರಿ?”

ಸೋಮವಾರ, 3-10-88. ರಾತ್ರಿ

ಬೆಳಗ್ಗೆ ಲಾಗ್ ಬುಕ್ಕನ್ನು ಸರ್ ಮೇಜಿನ ಮೇಲೆ ಇಟ್ಟು, ಇದರಲ್ಲಿರುವ ನನ್ನ ಸಹಿಗಳು ಸುಳ್ಳು ಎಂದೆ. ಓದಿದರು. ನನ್ನ ಮುಖ ನೋಡಲಿಲ್ಲ. “ಅವಳು ಕೆಲಸಕ್ಕೆ ಬರಲಿ. ನೀನು ಹೋಗು,” ಎಂದರು ಅಷ್ಟೇ.

ಆಲಂಕಾರಿನ ಅವಳ ಮನೆಗೆ ಹೋದೆ. ವಾರಿಜಾಕ್ಷಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಿಂತಲ್ಲೇ ಹೇಳಿದೆ. ಕೇಳಿ ಮುಗಿಯುವವರೆಗೆ ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಿಂಡುತ್ತಲೇ ಇದ್ದಳು.

“ಉದಯಣ್ಣ, ಕೆಲಸ ಹೋದದ್ದು ಹೋಗ್ಲಿ. ‘ನೀನು ಎಂತದೋ ತಪ್ಪು ಮಾಡಿರ್ತಿ, ಇಲ್ಲದಿದ್ರೆ ಯಾಕೆ ತೆಗೀತಾರೆ’ ಅಂತ ಅಮ್ಮ ದಿನಾ ನನಗೆ ಹೇಳುದು. ನಾನು ಎಷ್ಟು ಹೇಳಿದ್ರೂ ನಂಬುದಿಲ್ಲ.” ಸೀರೆಯನ್ನು ಹಗ್ಗಕ್ಕೆ ಎಸೆದಳು. “ಒಳಗೆ ಬನ್ನಿ. ಅವರ ಎದುರು ಹೇಳಿ.”

ಅವಳ ಅಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದರು. ಮಗಳ ಆಫೀಸಿನವರೆಂದು ತಿಳಿದು ಕುರ್ಚಿ ಎಳೆದು ಕೊಟ್ಟರು. ಕೂರಲಿಲ್ಲ. ಅಮ್ಮಾ, ಎಂದೆ, ನಿಮ್ಮ ಮಗಳು ಯಾವ ತಪ್ಪೂ ಮಾಡಿಲ್ಲ. ಮಾಡಿದ್ದು ನಾನು.