ಮೊದಲನೇ ಸಿಪಾಯಿ

ರಾಮಮೂರ್ತಿ ನಗರ
೧೬ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಫಹ್ಮಿದಾ,

ನಿನ್ನ ಯಮುನಕ್ಕನ ನೆನಪುಗಳು. ಈ ಕಾಗದವನ್ನು ಆರು ತಿಂಗಳ ಹಿಂದೆಯೇ ಬರೆಯಬೇಕಿತ್ತು. ನಾಳೆ, ನಾಡಿದ್ದು ಎಂದು ದೂಡುತ್ತಾ ಬಂದೆ, ಕ್ಷಮಿಸು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಇದನ್ನೆಲ್ಲ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದವಳು ನೀನು, ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ಹೇಗೋ ಓದಿಕೊಳ್ಳುತ್ತೀಯ. ರೋಜಾ ಹೇಗೆ ನಡೆಯುತ್ತಿದೆ? ಈ ಬಿಸಿಲಿನಲ್ಲಿ ಒಂದು ಗುಟುಕು ನೀರೂ ಇಲ್ಲದೆ ಹೇಗಿರುತ್ತೀಯೋ. ಮಗಳು ಈಗಲಾದರೂ ಅಳದೆ ಶಾಲೆಗೆ ಹೋಗುತ್ತಾಳಾ?

ಇಲ್ಲಿ ಎಲ್ಲ ಹಾಗೇ ಇದೆ. ರೇಷನ್ ಅಂಗಡಿ ಮೇಲಿನ ಅದೇ ಕೋಣೆ, ಅದೇ ಉದ್ದನೆಯ ಮೇಜು, ಬಾಟಲಿ ಮುಚ್ಚಳಗಳಿಗೆ ಅಂಟಿಸಿದ ಅದೇ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸಿಪಾಯಿಗಳು. ನಮ್ಮ ಮನೆಯವರು ಇವತ್ತಿಗೂ ನಗುತ್ತಾರೆ: "ಫಾರಿನ್ನಲ್ಲಿ ಅಷ್ಟ್ ದೊಡ್ ದೊಡ್ ಗಂಡಸ್ರು ಮೇಜಿನ್ ಮೇಲೆ ಯುದ್ಧದಾಟ ಆಡ್ತಾರಂತೆ, ಅದಕ್ಕೆ ನೀನ್ ಇಲ್ಲಿ ಸೊಂಟ ಮುರ್ಕೊಂಡು ಬಣ್ಣ ಹಚ್ತೀಯ." ನಗಲಿ ಬಿಡು. ಸೊಂಟ ಮುರಿದಿರುವುದಂತೂ ನಿಜ. ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ಹತ್ತಕ್ಕೂ ಎಡಗಾಲಿನ ಬೂಟು, ಆಮೇಲೆ ಹತ್ತಕ್ಕೂ ಬಲಗಾಲಿನ ಬೂಟು, ಆಮೇಲೆ ಬೆಲ್ಟು, ಆಮೇಲೆ ಗುಂಡಿ. ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಕಣ್ಣ ಮುಂದೆ ಬರೀ ಬೂಟು.

ಒಬ್ಬನನ್ನು ಪೂರ್ತಿಯಾಗಿ ಮಾಡಿ ಮುಗಿಸುವ ಸುಖ ಆ ಕೋಣೆಯಲ್ಲಿ ನಿನ್ನೊಬ್ಬಳಿಗೇ ಇತ್ತು. ಮೊದಲನೇ ಸಿಪಾಯಿಗೆ ನೀನು ಅಡಿಯಿಂದ ಮುಡಿಯವರೆಗೆ ಬಣ್ಣ ಹಚ್ಚಿ ಮೇಜಿನ ನಡುವೆ ನಿಲ್ಲಿಸುತ್ತಿದ್ದೆ. ನಾವು ಮಿಕ್ಕವರು ಅವನನ್ನು ನೋಡಿಕೊಂಡು ಉಳಿದವರಿಗೆ ಹಚ್ಚುತ್ತಿದ್ದೆವು. "ಅಕ್ಕಾ, ಹತ್ತೂ ಜನ ಒಂದೇ ತಾಯಿ ಮಕ್ಳ ತರ ಕಾಣ್ಬೇಕು, ಅವಳಿ ಜವಳಿ ತರ ಅಲ್ಲ" ಎನ್ನುತ್ತಿದ್ದೆ. ಮೆಹಂದಿ ಹಾಕಿ ಹಾಕಿ ಪಳಗಿದ ಕೈ ನಿನ್ನದು. ಕುಂಚದ ತುದಿಯಿಂದ ಒಂದು ಗೆರೆ ಎಳೆದರೆ ಮುಖಕ್ಕೆ ಜೀವ ಬರುತ್ತಿತ್ತು.

ನೀನು ಹೋದ ಮೇಲೆ ಮೊದಲನೇ ಸಿಪಾಯಿ ನನ್ನ ಪಾಲಿಗೆ ಬಂದ. ಏನು ಹೇಳಲಿ! ಹಲಸೂರಿನಿಂದ ಬರುವ ನಮ್ಮ ಶಾಂತಕುಮಾರಿಯ ಬಾಯಿ ನಿನಗೆ ಗೊತ್ತೇ ಇದೆ. ನಾನು ಮಾಡಿಟ್ಟವನನ್ನು ಕೈಯಲ್ಲಿ ಹಿಡಿದು ನೋಡಿ, "ಏನ್ಮಾ ಯಮುನಾ, ಇವ್ನು ಯುದ್ಧಕ್ಕೆ ಹೊರಟಂಗಿಲ್ಲ, ಕೆಳಗಡೆ ರೇಷನ್ ಕ್ಯೂನಲ್ಲಿ ನಿಂತಂಗಿದಾನೆ" ಎಂದಳು. ನಾನೂ ನಕ್ಕೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಹೋದ ವಾರ ಜರ್ಮನಿಯ ಆ ಹಳೇ ಗಿರಾಕಿ ಇನ್ನೂ ಇಪ್ಪತ್ತು ಕೇಳಿದ. ಮೊದಲು ಕಳಿಸಿದ ಸಾಲಿನ ಫೋಟೋ ಹಾಕಿ, ಇವರ ಪಕ್ಕದಲ್ಲಿ ನಿಲ್ಲಿಸಿದರೆ ಬೇರೆ ಕೈಯ ಕೆಲಸ ಎಂದು ಗೊತ್ತಾಗಬಾರದು ಎಂದು ಬರೆದಿದ್ದ. ಫೋಟೋದಲ್ಲಿದ್ದವರು ನಿನ್ನವರು. ಮೂರು ದಿನ ಕೂತು ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ತೊಳೆದು ಹಾಕಿದೆ. ಮೊದಲನೆಯವನು ಆಗದೆ ಉಳಿದವರಿಗೆ ಕೈ ಹಚ್ಚುವ ಹಾಗಿಲ್ಲ. ಇಪ್ಪತ್ತೂ ಜನ ಅಡಿಬಣ್ಣದ ಕರಿಮೈಯಲ್ಲಿ ಮೇಜಿನ ಮೇಲೆ ನಿಂತೇ ಇದ್ದಾರೆ.

ಶುಕ್ರವಾರ ಆರ್ಡರ್ ಎಲ್ಲಿಗೆ ಬಂತು ಎಂದು ನೋಡಲು ಬಂದ ನಮ್ಮ ಓನರ್ ಸುನೀಲ್, "ಯಮುನಕ್ಕಾ, ಇದು ಫಹ್ಮಿದಾ ಕೈಲಿ ಮಾತ್ರ ಆಗೋದು. ಆ ಮೂವತ್ತು ಪೀಸ್ ಅವ್ರು ಹಾಳ್ ಮಾಡ್ದೇ ಇದ್ದಿದ್ರೆ..." ಎಂದರು. ಆಗ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಹೇಳಿಬಿಟ್ಟೆ.

ನಿನಗೆ ಇದು ಹೊಸ ಸುದ್ದಿಯಲ್ಲ ಎಂದು ಗೊತ್ತು. ಆದರೂ ನನ್ನ ಕೈಯಲ್ಲೇ ಬರೆಯಬೇಕು. ಸೆಪ್ಟೆಂಬರಿನ ಆ ಸಂಜೆ ನೀನು ಮಗಳ ಶಾಲೆಯ ಮೀಟಿಂಗಿಗೆ ಬೇಗ ಹೊರಟೆ. ಹೋಗುವಾಗ, "ಅಕ್ಕಾ, ಮೋಡ ಆಗಿದೆ, ವಾರ್ನಿಷ್ ನಾಳೆ ಹೊಡೀತೀನಿ" ಎಂದೆ. ತಂಡಿ ಹವೆಯಲ್ಲಿ ಹೊಡೆದರೆ ಬಿಳಿಚಿಕೊಳ್ಳುತ್ತದೆ ಎಂದು ನೀನೇ ಎಷ್ಟು ಸಲ ಹೇಳಿದ್ದೆ. ಬೆಳಿಗ್ಗೆಯೇ ಕಳಿಸಬೇಕು, ಹೊತ್ತಾಗುತ್ತದೆ ಎಂದು ನಾನೇ ಟ್ರೇಗಳನ್ನು ತಾರಸಿಗೆ ಒಯ್ದು ಸ್ಪ್ರೇ ಹೊಡೆದೆ. ನೋಡನೋಡುತ್ತಿದ್ದಂತೆ ಮೂವತ್ತೂ ಜನರ ಮೈಮೇಲೆ ಬೂದಿ ಬಳಿದ ಹಾಗಾಯಿತು. ಟ್ರೇಗಳನ್ನು ಇದ್ದ ಜಾಗದಲ್ಲೇ ಇಟ್ಟು, ಏನೂ ಆಗದವಳ ಹಾಗೆ ಮನೆಗೆ ಹೋದೆ.

ಬೆಳಿಗ್ಗೆ ಸುನೀಲ್ ಕೂಗಾಡಿದರು. ನೀನು "ನಾನ್ ಹೊಡ್ದಿಲ್ಲ ಸರ್" ಎಂದೆ. "ವಾರ್ನಿಷ್ ನಿಮ್ ಕೆಲ್ಸ, ಇನ್ಯಾರ್ ಹೊಡೀತಾರೆ?" ಎಂದರು. ನೀನು ಒಂದೇ ಒಂದು ಸಲ ನನ್ನ ಕಡೆ ನೋಡಿದೆ. ನಾನು ಕುಂಚ ಒರೆಸುತ್ತಿದ್ದೆ. ನೀನು ನನ್ನ ಹೆಸರು ಹೇಳಲಿಲ್ಲ, ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದು ಹೋದೆ.

ಈಗ ಎಲ್ಲ ಕೇಳಿದ ಮೇಲೆ ಸುನೀಲ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆರ್ ತಿಂಗ್ಳು ಅವ್ರ್ ಮೇಲೆ ಹಾಕ್ಬಿಟ್ಟಿದ್ವಲ್ಲ ಅಕ್ಕಾ. ಈಗ ನಾನ್ ಯಾವ್ ಮುಖ ಇಟ್ಕೊಂಡ್ ಕರೀಲಿ? ನೀವೇ ಹೋಗಿ" ಎಂದರು.

ನಿನ್ನೆ ಹೋದೆ. ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಶಾಂತಕುಮಾರಿ ಹೇಳಿದ ಗುರುತು ಹಿಡಿದು ಬಂದೆ. ನೀನು ಬಟ್ಟೆ ಅಂಗಡಿ ಮುಂದೆ ಸ್ಟೂಲಿನ ಮೇಲೆ ಕೂತು ಯಾರೋ ಹುಡುಗಿಯ ಅಂಗೈಗೆ ಮೆಹಂದಿ ಹಾಕುತ್ತಿದ್ದೆ. ಸಣ್ಣಗಾಗಿದ್ದೀಯ. ಎದುರಿಗೆ ಬಂದು ನಿಲ್ಲುವುದಕ್ಕೆ ಆಗಲಿಲ್ಲ, ಬಂದ ದಾರಿಯಲ್ಲೇ ವಾಪಸ್ಸು ಬಸ್ ಹತ್ತಿದೆ. ಅದಕ್ಕೇ ಈ ಕಾಗದ. ಶಾಂತಕುಮಾರಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಬಾ ಫಹ್ಮಿದಾ. ಹಬ್ಬ ಮುಗಿಸಿಕೊಂಡೇ ಬಾ, ಅಲ್ಲಿಯವರೆಗೆ ಕಾಯುತ್ತೇವೆ ಎಂದು ಸುನೀಲ್ ಗಿರಾಕಿಗೆ ಬರೆದಿದ್ದಾರೆ. ನಿನ್ನ ಮೇಲೆ ಯಾವ ತಪ್ಪೂ ಇಲ್ಲ ಎಂದು ಮೇಜಿನ ಸುತ್ತ ಎಲ್ಲರ ಮುಂದೆ ಹೇಳಿದ್ದೇನೆ. ನನ್ನ ಮುಖ ನೋಡುವುದು ಬೇಡ ಎನಿಸಿದರೆ ಅದನ್ನೂ ಹೇಳು, ನಾನು ಕೆಲಸ ಬಿಡುತ್ತೇನೆ. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ನನಗೂ ಸಾಕಾಗಿದೆ.

ನೀನು, ನಿನ್ನ ಮಗಳು ತಣ್ಣಗಿರಿ. ಈ ಸಲದ ಹಬ್ಬ ನಿನ್ನ ಮನೆಗೆ ನೆಮ್ಮದಿ ತರಲಿ.

ನಿನ್ನ
ಯಮುನಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು. ಹೊತ್ತಾಗುತ್ತದೆ ಎಂದು ಸ್ಪ್ರೇ ಹೊಡೆದೆ ಎಂದೆನಲ್ಲ, ಸುನೀಲ್‌ಗೂ ಹಾಗೇ ಹೇಳಿದ್ದೇನೆ. ಅದು ಸುಳ್ಳು. ನನಗಿಂತ ಹದಿಮೂರು ವರ್ಷ ಚಿಕ್ಕವಳು ಮಾಡಿದ್ದನ್ನು ದಿನಾ ನೋಡಿ ನೋಡಿ ಹಚ್ಚುವುದು ನನಗೆ ಸಾಕಾಗಿತ್ತು. ನಿನ್ನ ಒಂದು ಕೆಲಸವನ್ನಾದರೂ ನೀನಿಲ್ಲದೆ ಮಾಡಿ ತೋರಿಸಬೇಕಿತ್ತು. ಮಾರನೇ ದಿನ ಸುನೀಲ್ ನಿನ್ನ ಮೇಲೆ ಕೂಗಾಡಿದಾಗ ನನಗೆ ಹೆದರಿಕೆಯೂ ಆಗಲಿಲ್ಲ, ಪಾಪ ಎಂದೂ ಅನಿಸಲಿಲ್ಲ. ಸಂತೋಷವಾಯಿತು. ಇನ್ನು ಮೊದಲನೆಯವನು ನನ್ನವನು ಎಂದುಕೊಂಡೆ. ಅವಸರದಲ್ಲಿ ನೀನು ಡಬ್ಬಿ ಬಿಟ್ಟುಹೋಗಿದ್ದೆ. ಮಧ್ಯಾಹ್ನ ನಿನ್ನ ಕುರ್ಚಿಯಲ್ಲಿ ಕೂತು ಅದನ್ನು ಬಿಚ್ಚಿ ತಿಂದೆ. ಊಟ ಚೆನ್ನಾಗಿ ಸೇರಿತು, ಫಹ್ಮಿದಾ.